ಐದು ನಂಬರಿನ ಶೂ

ಫೆಬ್ರವರಿ ೯

ಅಕ್ಕ,

ಫೋನ್ ಮಾಡದೆ ಕಾಗದ ಬರೆಯುತ್ತಿದ್ದೇನೆ. ಅಮ್ಮ ಹೋದ ಮೇಲೆ ನಾವಿಬ್ಬರೂ ಫೋನಿನಲ್ಲಿ ಮೂರು ನಿಮಿಷ ಜಗಳವಿಲ್ಲದೆ ಮಾತಾಡಿದ್ದು ನನಗೆ ನೆನಪಿಲ್ಲ. ಕಾಗದದಲ್ಲಿ ಒಂದು ಅನುಕೂಲವಿದೆ. ನಾನು ವಾಕ್ಯ ಮುಗಿಸುವವರೆಗೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ಇದರ ಜೊತೆ ಏಳು ಕರಪತ್ರಗಳಿವೆ. ನಮ್ಮ ಆಸ್ಪತ್ರೆಯಲ್ಲಿ ಸರದಿಗಾಗಿ ಕಾದು ಕೂತವರ ಕೈಗೆ ಕೊಡಲೆಂದು ನಾನು ಬರೆದವು: ರಕ್ತದೊತ್ತಡ, ಸಕ್ಕರೆ ಕಾಯಿಲೆ, ಥೈರಾಯ್ಡ್, ಅರೆತಲೆನೋವು, ಎದೆಯುರಿ, ಮಂಡಿನೋವು, ರಕ್ತಹೀನತೆ. ಕಾಯಿಲೆ ಎಂದರೇನು, ಲಕ್ಷಣಗಳೇನು, ಚಿಕಿತ್ಸೆಯ ದಾರಿಗಳು ಯಾವುವು, ಇಷ್ಟೇ. ಪ್ರತಿಯೊಂದೂ ಒಂದು ಹಾಳೆ, ಎರಡು ಮಗ್ಗುಲು. ಇದಕ್ಕೆ ಐದು ಜನ ವೈದ್ಯರ ಸಮಿತಿ ಬೇರೆ. ಅದರ ಹಿರಿಯರು, 'ಇನ್ನೂ ಸರಳ ಮಾಡಿ, ಜನಕ್ಕೆ ಇಷ್ಟೆಲ್ಲ ತಲೆಗೆ ಹೋಗಲ್ಲ' ಎಂದರು. ಒಂದು ಪಾದದ ಚಿತ್ರಕ್ಕೆ ನಗುಮುಖ ಬರೆಯಬೇಕೋ ಬೇಡವೋ ಎಂದು ಮೂರು ವಾರ ಚರ್ಚೆ ಮಾಡಿದ ತಲೆಗಳು ಅವು. ಜನರ ಬಗ್ಗೆ ಅವರಿಗಿರುವ ತಾತ್ಸಾರ ಕಂಡರೆ ನನಗೆ ಮೈ ಉರಿಯುತ್ತದೆ. ಆಮೇಲೆ ಮೇಜಿನ ಮುಂದೆ ಕೂತು ಅದೇ ಹಾಳೆಯನ್ನು ಇನ್ನಷ್ಟು ಸರಳ ಮಾಡುವಾಗ, ಆ ತಾತ್ಸಾರ ಸ್ವಲ್ಪ ನನ್ನೊಳಗೂ ಇದೆಯೇನೋ ಎಂದು ಅನುಮಾನವಾಗುತ್ತದೆ.

ಅದಕ್ಕೇ ನಿನಗೆ ಕಳಿಸುತ್ತಿದ್ದೇನೆ. ಅಪ್ಪನ ಶೂ ಅಂಗಡಿಯಲ್ಲಿ ಮೂವತ್ತು ವರ್ಷ ಜನರ ಕಾಲ ಬುಡದಲ್ಲೇ ಕೂತವಳು ನೀನು. ಎಲ್ಲಿ ತೊಡರುತ್ತದೆ, ಓದಿ ಹೇಳು. ಎರಡನೆಯದನ್ನು ಸ್ವಲ್ಪ ನಿಧಾನವಾಗಿ ಓದಿದರೆ ನಷ್ಟವೇನಿಲ್ಲ.

ಭಾವನನ್ನು ಕೇಳಿದೆನೆಂದು ಹೇಳು.

ನಿನ್ನ ತಂಗಿ


ಮಾರ್ಚ್ ೨

ಡಿಕ್ಷನರಿ ಮೇಡಮ್ಮನವರಿಗೆ,

ಏಳು ಹಾಳೆಗಳೂ ಬಂದವು. 'ಎರಡನೆಯದನ್ನು ನಿಧಾನವಾಗಿ ಓದು' ಅಂದಾಗಲೇ ಗೊತ್ತಾಯಿತು, ಉಳಿದ ಆರು ಅದರ ಮೆರವಣಿಗೆಗೆ ಬಂದವು ಅಂತ. ನೇರವಾಗಿ ಹೇಳುವ ಅಭ್ಯಾಸ ನಿನಗೆ ಶಾಲೆಯಲ್ಲೇ ತಪ್ಪಿಹೋಯಿತು.

ಕೇಳಿದ್ದೀಯ, ಹೇಳುತ್ತೇನೆ. ರಕ್ತದೊತ್ತಡದ ಹಾಳೆಯಲ್ಲಿ 'ಲಕ್ಷಣಗಳು: ಸಾಮಾನ್ಯವಾಗಿ ಏನೂ ಇರುವುದಿಲ್ಲ' ಅಂತಿದೆ. ಏನೂ ಇಲ್ಲದ್ದಕ್ಕೆ ಎರಡು ಮಗ್ಗುಲು ಯಾಕೆ ಬೇಕಿತ್ತು? ಅದೇ ಹಾಳೆಯ ಕೊನೆಯಲ್ಲಿ 'ಚಿಂತೆ ಮಾಡಬೇಡಿ' ಅಂತ ದಪ್ಪ ಅಕ್ಷರದಲ್ಲಿದೆ. ಹಾಗಂದ ಕೂಡಲೇ ಚಿಂತೆ ಬಿಟ್ಟವರು ಯಾರಾದರೂ ಇದ್ದರೆ ವಿಳಾಸ ಕಳಿಸು. ಥೈರಾಯ್ಡ್ ಹಾಳೆಯಲ್ಲಿ ಸುಸ್ತು, ಬೇಸರ, ಮರೆವು, ತೂಕ ಹೆಚ್ಚುವುದು. ಇದು ಕಾಯಿಲೆಯಲ್ಲ ಕಣೇ, ಮದುವೆ. ನಿನ್ನ ಭಾವ ಅದನ್ನು ಓದಿ ತಮಗೆ ಅದೇ ಬಂದಿದೆ ಅಂತ ಒಂದು ದಿನ ಪೂರ್ತಿ ಮೇಲಿನ ಗೋಡೌನಿನಲ್ಲಿ ಖಾಲಿ ಡಬ್ಬಗಳ ನಡುವೆ ಮಲಗಿದ್ದರು. ಮಂಡಿನೋವಿನದು ಪರವಾಗಿಲ್ಲ. ಆದರೆ 'ಸೂಕ್ತ ಪಾದರಕ್ಷೆ ಧರಿಸಿ' ಅಂದರೆ ಯಾರಿಗೆ ಏನು ತಿಳಿಯುತ್ತೆ? ಸೂಕ್ತ ಅಂದರೆ ಯಾವುದು? ಒಂದು ಮಾತು ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ.

ಇನ್ನು ನಿನ್ನ ಎರಡನೆಯದು. ಓದಿದೆ, ನಿಧಾನವಾಗಿಯೇ. ಬಾಯಾರಿಕೆ, ಪದೇ ಪದೇ ಮೂತ್ರ, ಕಣ್ಣು ಮಂಜು, ಪಾದದಲ್ಲಿ ಉರಿ, ಜುಮ್ಮು, ಸೂಜಿ ಚುಚ್ಚಿದ ಹಾಗೆ. ನನಗೆ ಒಂದೂ ಇಲ್ಲ. ನಮ್ಮ ಡಾಕ್ಟರು ಬಾರ್ಡರಿನಲ್ಲಿದೆ ಅಂತ ಹೇಳಿ ಒಂದು ಮಾತ್ರೆ ಕೊಟ್ಟಿದ್ದಾರೆ. ನೆನಪಾದಾಗ ತೆಗೆದುಕೊಳ್ಳುತ್ತೇನೆ. ಕಾಲಿನ ಮಾತು ಬಂದರಂತೂ, ಮೂವತ್ತನೇ ವಯಸ್ಸಿನಲ್ಲಿ ಇದ್ದದ್ದಕ್ಕಿಂತ ಈಗಲೇ ಚೆನ್ನಾಗಿದೆ. ಆಗ ಅಂಗಡಿ ಮುಚ್ಚುವ ಹೊತ್ತಿಗೆ ಹಿಮ್ಮಡಿ ಪದ ಹೇಳುತ್ತಿತ್ತು. ಈಗ ಇಡೀ ದಿನ ನಿಂತರೂ ಅದರ ಸದ್ದಿಲ್ಲ. ಮೈಯ ಬೊಜ್ಜು ಕರಗದಿದ್ದರೂ ಪಾದದ್ದು ಕರಗಿದೆ. ಆರು ನಂಬರಿನ ಶೂ ಹಾಕುತ್ತಿದ್ದವಳು ಹೋದ ವರ್ಷ ಐದೂವರೆಗೆ ಬಂದೆ, ಈಗ ಐದು. ಆರು ಹಾಕಿದರೆ ದೋಣಿಯಲ್ಲಿ ನಿಂತ ಹಾಗೆ ಕಾಲು ಒಳಗೆ ಜಾರುತ್ತೆ. ಇದನ್ನೂ ನಿನ್ನ ಲಕ್ಷಣಗಳ ಪಟ್ಟಿಯಲ್ಲಿ ಹುಡುಕು.

ಅಮ್ಮನ ಕಡೆಯ ವರ್ಷ ನೀನು ಫೋನಿನಲ್ಲಿ ಓದಿ ಹೇಳಿದ್ದೆಲ್ಲ ನನ್ನ ಕಿವಿಯಲ್ಲೇ ಇದೆ. ಅವಳನ್ನು ಎತ್ತಿದ್ದು, ತೊಳೆದದ್ದು ನಾನು. ಓದಿ ಹೇಳಿದ್ದು ನೀನು. ಆ ಕೆಲಸ ಈಗಲೂ ಸಾಂಗವಾಗಿ ನಡೆದಿದೆ ಅಂತ ಕಂಡು ಸಂತೋಷವಾಯಿತು.

ಅಕ್ಕ


ಮಾರ್ಚ್ ೧೫

ಅಕ್ಕ,

ಮೆಚ್ಚುಗೆಗೆ ವಂದನೆ. 'ಸೂಕ್ತ ಪಾದರಕ್ಷೆ' ಎಂಬುದನ್ನು ತೆಗೆದೆ. ನೀನು ಹೇಳಿದ್ದು ಸರಿ, ಅದು ಏನನ್ನೂ ಹೇಳದ ಮಾತು. 'ಚಿಂತೆ ಮಾಡಬೇಡಿ' ನನ್ನದಲ್ಲ, ಸಮಿತಿಯದು.

ಉಳಿದದ್ದಕ್ಕೆ ಉತ್ತರ ಕೊಡಬಾರದೆಂದು ಹತ್ತು ದಿನ ತಡೆದೆ. ಆಗಲಿಲ್ಲ. ಒಂಬತ್ತು ವರ್ಷದಿಂದ ನೀನು ಬಾರ್ಡರಿನಲ್ಲಿ ನಿಂತಿದ್ದೀಯ ಅಕ್ಕ. ಕಾವಲಿಗಿಟ್ಟ ಸಿಪಾಯಿಗಳಿಗೂ ಅಷ್ಟು ಹೊತ್ತಿಗೆ ವರ್ಗವಾಗುತ್ತದೆ. ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆ ಕಡೆಯ ಬಾರಿ ಮಾಡಿಸಿದ್ದು ಯಾವಾಗ? ಉತ್ತರ ನನಗೆ ಬೇಡ, ನಿನಗೆ ನೀನೇ ಹೇಳಿಕೋ. ನೆನಪಾದಾಗ ಮಾತ್ರೆ ನುಂಗುವುದು ಚಿಕಿತ್ಸೆಯಲ್ಲ, ಹವ್ಯಾಸ. ನಿನ್ನಂಥವರು ದಿನಕ್ಕೆ ಐವತ್ತು ಜನ ನಮ್ಮ ಬೆಂಚಿನ ಮೇಲೆ ಕೂತಿರುತ್ತಾರೆ. ತಮಗೆ ಏನೂ ಇಲ್ಲ, ಮನೆಯವರ ಬಲವಂತಕ್ಕೆ ಬಂದೆ ಎನ್ನುತ್ತಾರೆ. ನಾನು ಬರೆದ ಹಾಳೆಯಿಂದ ಗಾಳಿ ಬೀಸಿಕೊಳ್ಳುತ್ತಾರೆ. ಅವರನ್ನು ಕಂಡು ನನಗೆ ಮರುಕ ಹುಟ್ಟಬೇಕು, ಹುಟ್ಟುವುದು ಬೇರೆಯೇ.

ಪಾದ ಸಣ್ಣದಾದದ್ದಕ್ಕೆ ಅಭಿನಂದನೆ. ವಯಸ್ಸಾದ ಮೇಲೆ ಎಲ್ಲರದ್ದೂ ಎಲ್ಲವೂ ಕುಗ್ಗುತ್ತದೆ, ನಿನ್ನ ಜಂಬ ಒಂದನ್ನು ಬಿಟ್ಟು.

ತಂಗಿ


ಮೇ ೪

ತಂಗೀ,

ನಾನು ಕಾಗದ ಬರೆಯುವವನಲ್ಲ. ಬರೆದದ್ದು ನಿನ್ನ ಅಕ್ಕನಿಗೆ ಗೊತ್ತಾಗದಿದ್ದರೆ ಒಳ್ಳೆಯದು. ಗೊತ್ತಾಗುತ್ತದೆ, ಅದೂ ನನಗೆ ಗೊತ್ತು.

ಮನೆಯಲ್ಲಿ ಬಟ್ಟೆ ಒಗೆಯುವುದು ನಾನೇ. ಎರಡು ವಾರದ ಹಿಂದೆ ಅವಳ ಎಡಗಾಲಿನ ಸಾಕ್ಸಿನಲ್ಲಿ ಕೆಂಪು ಕಲೆ ಕಂಡಿತು. ಕೇಳಿದೆ. 'ಚೆರ್ರಿ ಪಾಲಿಶ್ ಕಣ್ರೀ, ಡಬ್ಬ ತೆಗೆಯುವಾಗ ಚೆಲ್ಲಿರಬೇಕು' ಅಂದಳು. ನಮ್ಮ ಅಂಗಡಿಯಲ್ಲಿ ಪಾಲಿಶಿನ ಕಲೆಯಾಗದ ಬಟ್ಟೆಯೇ ಇಲ್ಲ, ನಾನೂ ಒಪ್ಪಿದೆ. ಮಾರನೇ ದಿನ ಅದೇ ಜಾಗದಲ್ಲಿ ಮತ್ತೆ ಕಲೆ. ಅದರ ಮಾರನೇ ದಿನವೂ. ಪಾಲಿಶ್ ದಿನಾ ಒಂದೇ ಜಾಗಕ್ಕೆ ಚೆಲ್ಲುವುದಿಲ್ಲವಲ್ಲ.

ನಿನ್ನೆ ಮಧ್ಯಾಹ್ನ ಅವಳು ಕಾಲು ಚಾಚಿ ಮಲಗಿದ್ದಾಗ ನೋಡಿದೆ. ಕಿರುಬೆರಳಿನ ಪಕ್ಕ, ಸ್ವಲ್ಪ ಕೆಳಗೆ, ಕೋಟಿನ ಗುಂಡಿಯಷ್ಟು ಅಗಲದ ಗಾಯ. ಅಂಚೆಲ್ಲ ಬೆಳ್ಳಗೆ, ನಡುವೆ ಆಳ. ವಾಸನೆಯೂ ಇತ್ತು. ಅಷ್ಟರಲ್ಲಿ ಎದ್ದಳು.

'ಏನ್ರೀ ನೋಡ್ತಿದೀರಿ? ಕಾಲು ನೋಡೋದು ನನ್ನ ಕೆಲಸ' ಅಂದಳು.

'ನೋವಿಲ್ವೇನೇ?' ಅಂದೆ.

'ಏನು ನೋವು?' ಅಂದಳು. ಬಗ್ಗಿ ನೋಡಿ, 'ಓ, ಇದಾ, ಶೂ ಹೊಸದು, ಕಚ್ಚಿದೆ' ಅಂತ ಒಂದು ಪ್ಲಾಸ್ಟರ್ ಅಂಟಿಸಿ, ಅದೇ ಶೂ ಹಾಕಿಕೊಂಡು ಕೆಳಗಿಳಿದಳು. ಕುಂಟಲೂ ಇಲ್ಲ.

ನಿನ್ನ ಹಾಳೆಯನ್ನು ಹುಡುಕಿ ತೆಗೆದು ಓದಿದೆ. ಪಾದದಲ್ಲಿ ಉರಿ, ಜುಮ್ಮು, ಚುಚ್ಚಿದಂತಾಗುವುದು ಇದ್ದರೆ ತಕ್ಷಣ ತೋರಿಸಿ ಅಂತಿದೆ. ಅವಳಿಗೆ ಅವು ಯಾವುವೂ ಇಲ್ಲ. ಹಾಗಾದರೆ ಇದು ಅದಲ್ಲ ಅಂತ ತಾನೆ? ತಿಳಿಸು.

ಭಾವ


ಮೇ ೭
(ಕೊರಿಯರಿನಲ್ಲಿ)

ಅಕ್ಕ,

ಭಾವ ಬರೆದಿದ್ದಾರೆ. ಅವರ ಮೇಲೆ ರೇಗಬೇಡ, ನನ್ನ ಮೇಲೆ ರೇಗು. ಎರಡು ದಿನದಲ್ಲಿ ನಾಲ್ಕು ಸಲ ಫೋನ್ ಮಾಡಿದೆ, ನೀನು ಕತ್ತರಿಸಿದೆ. ಬರೋಣವೆಂದರೆ ಹೋದ ಸಲ ನೀನು ಬಾಗಿಲು ತೆಗೆಯಲಿಲ್ಲ. ಆದ್ದರಿಂದ ಇದನ್ನು ದಯವಿಟ್ಟು ಕೊನೆಯವರೆಗೆ ಓದು.

ಆ ಕಾಗದ ತೆಗೆದುಕೊಂಡು ನಮ್ಮಲ್ಲಿ ಪಾದಗಳ ಡ್ರೆಸ್ಸಿಂಗ್ ಮಾಡುವ ನರ್ಸಿನ ಹತ್ತಿರ ಹೋದೆ. ಇಪ್ಪತ್ತು ವರ್ಷದಿಂದ ಆ ಒಂದೇ ಕೋಣೆಯಲ್ಲಿ ಇರುವವರು. ಗಾಯದ ಬಗ್ಗೆ ಕೇಳಿಸಿಕೊಂಡು, 'ಶೂ ಸೈಜು ಏನಾದ್ರೂ ಬದಲಾಯಿಸಿದಾರಾ?' ಎಂದರು.

'ಹೌದು, ಆರಿಂದ ಐದಕ್ಕೆ ಬಂದಿದಾರೆ.'

'ಸಡಿಲ ಆಗುತ್ತೆ ಅಂತ.'

'ನಿಮಗೆ ಹೇಗೆ ಗೊತ್ತು?'

'ವಾರಕ್ಕೆ ಇಬ್ಬರು ಬರ್ತಾರೆ ಹಾಗೆ. ಕಾಲು ಜೋಮು ಹಿಡಿದ್ರೆ ಶೂ ಇರೋದೇ ಗೊತ್ತಾಗಲ್ಲ, ಸಡಿಲ ಅನ್ಸುತ್ತೆ. ಬಿಗಿಯಾದದ್ದು ಹಾಕಿದ್ರೆ ಅಷ್ಟೋ ಇಷ್ಟೋ ಗೊತ್ತಾಗುತ್ತೆ, ಸರಿಯಾಗಿದೆ ಅಂದ್ಕೋತಾರೆ. ಅದು ಒಳಗೆ ಮಾಂಸ ತಿಂತಾ ಇರುತ್ತೆ.' ಆಮೇಲೆ ಗೋಡೆಗೆ ಅಂಟಿಸಿದ್ದ ನನ್ನ ಹಾಳೆಯ ಕಡೆ ಗದ್ದ ಎತ್ತಿ ತೋರಿಸಿದರು. 'ಇದನ್ನ ಬರೆದೋರು ನೀವೇ ಅಲ್ವಾ? ಉರಿ, ಜುಮ್ಮು ಎಲ್ಲಾ ಇದೆ. ಏನೂ ಅನ್ನಿಸದೆ ಇರೋದು ಎಲ್ಲಿದೆ? ಉರಿ ಇರೋರು ಹೇಗೂ ಓಡಿ ಬರ್ತಾರಮ್ಮ. ನನ್ನ ಹತ್ರ ಬೆರಳು ಕಳ್ಕೊಳ್ಳೋರೆಲ್ಲ ಏನೂ ಅನ್ನಿಸದೋರು.'

ಆ ಸಾಲು ಇತ್ತು, ಅಕ್ಕ. 'ಕೆಲವರಿಗೆ ಪಾದದಲ್ಲಿ ಏನೂ ತಿಳಿಯದಿರಬಹುದು' ಎಂದು ಬರೆದಿದ್ದೆ. ಆ ನಗುಮುಖದ ಪಾದಕ್ಕೆ ಜಾಗ ಸಾಲಲಿಲ್ಲ, ಒಂದು ಸಾಲು ಹೋಗಬೇಕಾಯಿತು. ಸಮಿತಿಯವರು ತೆಗೆಯಲಿಲ್ಲ, ನಾನೇ ತೆಗೆದೆ. ಏನೂ ತಿಳಿಯದಿರುವುದನ್ನು ಲಕ್ಷಣವೆಂದು ಬರೆದರೆ ಓದುವವರು ನಗುತ್ತಾರೆ ಎನಿಸಿತ್ತು. ಆಮೇಲೆ ನೀನು ನಿನ್ನ ಕೈಯಾರೆ ಐದು ನಂಬರಿನ ಸಂಗತಿ ಬರೆದು ಕಳಿಸಿದಾಗ, ಅದರ ಮೇಲೆ ಒಂದು ಕೊಂಕು ಮಾತು ಹೊಸೆಯುವ ಗಡಿಬಿಡಿಯಲ್ಲಿ ನಾನು ಏನನ್ನೂ ನೋಡಲಿಲ್ಲ. ಬೆಂಚಿನ ಮೇಲಿನವರನ್ನು ಕಂಡು ಮೂಗು ಮುರಿಯುವ ನನಗೆ, ಅವರು ಓದಬೇಕಾದದ್ದೇ ತಿಳಿದಿರಲಿಲ್ಲ.

ಎರಡು ಕೆಲಸ ಮಾಡು. ನನ್ನ ಮಾತು ನಂಬಬೇಡ, ನಿನ್ನ ಅಳತೆ ಹಲಗೆಯನ್ನು ನಂಬು. ಗಿರಾಕಿಗಳ ಪಾದ ಅಳೆಯುವ ಹಾಗೆ ನಿನ್ನದನ್ನು ಅಳೆ. ಆಮೇಲೆ ಕಣ್ಣು ಮುಚ್ಚಿ ಕೂತುಕೋ. ಭಾವ ನಿನ್ನ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೊಂದಾಗಿ ತಮ್ಮ ಬೆರಳಿನಿಂದ ಹಗುರವಾಗಿ ಮುಟ್ಟಲಿ. ಒತ್ತಬಾರದು, ಸವರಬಾರದು. ಮುಟ್ಟಿದ್ದು ತಿಳಿದಾಗೆಲ್ಲ ಹೇಳು. ಆರರಲ್ಲಿ ಎರಡು ತಪ್ಪಿದರೂ ನರಗಳು ಸೋತಿವೆ ಎಂದರ್ಥ.

ಫಲಿತಾಂಶ ಏನೇ ಬರಲಿ, ಆ ಗಾಯವನ್ನು ಅದೇ ದಿನ ಆಸ್ಪತ್ರೆಗೆ ತೋರಿಸು. ಆ ಶೂ ಮತ್ತೆ ಹಾಕಬೇಡ.

ತಂಗಿ


ಮೇ ೧೩

ಡಿಕ್ಷನರಿ,

ಹೆಂಡತಿ ಮಲಗಿದ್ದಾಗ ಕಳ್ಳನ ಹಾಗೆ ಕಾಲು ನೋಡುವ ಗಂಡ, ಅವನ ಕಾಗದ ಹಿಡಿದುಕೊಂಡು ಊರೆಲ್ಲ ತಿರುಗುವ ತಂಗಿ. ನನ್ನ ಭಾಗ್ಯ.

ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ ಹಲಗೆಯ ಮೇಲೆ ನಿಂತೆ, ನಿನ್ನ ಬಾಯಿ ಮುಚ್ಚಿಸಬೇಕು ಅಂತ. ಆರೂವರೆ ತೋರಿಸಿತು. ಹಲಗೆ ಕೆಟ್ಟಿದೆ ಅಂದುಕೊಂಡು ನಿನ್ನ ಭಾವನನ್ನು ನಿಲ್ಲಿಸಿದೆ. ಎಂಟು. ಅವರದು ಯಾವತ್ತೂ ಎಂಟೇ. ಮತ್ತೆ ನಾನು ನಿಂತೆ. ಆರೂವರೆ. ವಯಸ್ಸಾದ ಹಾಗೆ ಪಾದ ಕುಗ್ಗುವುದಿಲ್ಲ, ಅಗಲವಾಗುತ್ತೆ. ಇದನ್ನು ಸಾವಿರ ಜನಕ್ಕೆ ಹೇಳಿದ್ದೇನೆ. ಐವತ್ತು ದಾಟಿದ ಮೇಲೂ ಮದುವೆಯಾದಾಗಿನ ಸೈಜೇ ಕೇಳುವ ಹೆಂಗಸರನ್ನು ಕಂಡರೆ ನನಗೆ ಒಳಗೊಳಗೇ ನಗು. ನಿನಗೆ ಅದು ಗೊತ್ತಿಲ್ಲದೆ ಕುಗ್ಗುತ್ತೆ ಅಂತ ಬರೆದೆ. ನನಗೆ ಗೊತ್ತಿದ್ದೂ ನಾನೊಬ್ಬಳು ಬೇರೆ ಅಂದುಕೊಂಡೆ. ಇದರಲ್ಲಿ ಯಾರು ದಡ್ಡರು ಅಂತ ನಿನ್ನ ಸಮಿತಿ ತೀರ್ಮಾನಿಸಲಿ.

ಆಮೇಲೆ ಗಿರಾಕಿಗಳ ಕುರ್ಚಿಯಲ್ಲಿ ನಾನು ಕೂತೆ, ನನ್ನ ಸ್ಟೂಲಿನ ಮೇಲೆ ಅವರು. ಮೂವತ್ತು ವರ್ಷದಲ್ಲಿ ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು.

'ಕಣ್ಣು ಮುಚ್ಚು' ಅಂದರು.

'ಮುಚ್ಚಿದೀನಿ. ಬೇಗ ಮುಗಿಸಿ, ಮೂರು ಗಂಟೆಗೆ ಬಾಗಿಲು ತೆಗೀಬೇಕು.'

ಕಾದೆ. ಹೊರಗೆ ಯಾರೋ ಸೈಕಲ್ ನಿಲ್ಲಿಸಿದ್ದು ಕೇಳಿತು, ಗೋಡೆ ಗಡಿಯಾರ ಕೇಳಿತು. ಈ ಮನುಷ್ಯ ಯಾವತ್ತೂ ಹೀಗೇ, ಬಲ್ಬು ಬದಲಾಯಿಸೋಕೂ ಮುಹೂರ್ತ ನೋಡುತ್ತಾರೆ.

'ಶುರು ಮಾಡ್ರೀ, ಇನ್ನೂ ಏನು ಮೀನಮೇಷ ಎಣಿಸ್ತಿದೀರ?' ಅಂದೆ.

ಕಣ್ಣು ಬಿಟ್ಟೆ. ಅವರು ನಿನ್ನ ಕಾಗದವನ್ನು ಮಡಚುತ್ತಾ ಕೂತಿದ್ದರು.

'ಆರೂ ಆಯ್ತು ಕಣೇ' ಅಂದರು. 'ಎರಡು ಸಲ ಮಾಡಿದೆ.'

ಸಂಜೆಯೇ ಹೋದೆವು. ಎಕ್ಸ್‌ರೇ ತೆಗೆದರು, ರಕ್ತ ತೆಗೆದರು, ಕಾಲಿಗೆ ರಕ್ತ ಓಡುತ್ತಿದೆಯೋ ಇಲ್ಲವೋ ಅಂತ ಮೆಷಿನ್ ಇಟ್ಟು ಕೇಳಿದರು. ರಕ್ತ ಓಡುತ್ತಿದೆಯಂತೆ, ಅದು ಪುಣ್ಯ ಅಂದರು. ಸಕ್ಕರೆ ಎಷ್ಟಿತ್ತು ಅಂತ ನಿನಗೆ ಹೇಳುವುದಿಲ್ಲ. ಕಿರುಬೆರಳಿನ ಮೂಳೆಗೆ ಕೀವು ಇಳಿದಿದೆಯಂತೆ. ಎರಡು ದಾರಿ ಇದೆ ಅಂದರು ಸರ್ಜನ್ನು. ಬೆರಳು ತೆಗೆಯುವುದು ಒಂದು. ಇಲ್ಲದಿದ್ದರೆ ಆರು ವಾರ ಆಂಟಿಬಯಾಟಿಕ್ ಕೊಟ್ಟು ಕಾಯುವುದು. ವಾಸಿಯಾದರೂ ಆಗಬಹುದು, ಆಗದೆ ಪಾದದೊಳಕ್ಕೆ ಹರಡಲೂಬಹುದು. 'ನೀವೇ ಯೋಚನೆ ಮಾಡಿ ಹೇಳಿ, ಎರಡು ದಿನದಲ್ಲಿ' ಅಂತ ಎದ್ದು ಹೋದರು. ನಿನ್ನ ಹಾಳೆಯಲ್ಲಿ 'ಚಿಕಿತ್ಸೆಯ ದಾರಿಗಳನ್ನು ನಿಮ್ಮ ವೈದ್ಯರೊಂದಿಗೆ ಚರ್ಚಿಸಿ' ಅಂತಿದೆಯಲ್ಲ, ಹೀಗೆ ಚರ್ಚೆಯಾಯಿತು. ಅವರು ಗಡಿಯಾರ ನೋಡಿದರು, ನಾನು ತಲೆ ಆಡಿಸಿದೆ.

ಯಾವುದು ಆರಿಸಲಿ? ಈ ಕಾಗದ ತರುವ ಬಸ್ಸಿನವರ ಕೈಯಲ್ಲೇ ಬರೆದು ತಿಳಿಸು. ಈ ಸಲ ಏಳು ಹಾಳೆ ಬೇಡ.

ಅಕ್ಕ


ಮೇ ೧೪
(ಬಸ್ಸಿನಲ್ಲಿ ಬರುವವರ ಕೈಯಲ್ಲಿ)

ಅಕ್ಕ,

ನನಗೆ ಗೊತ್ತಿಲ್ಲ. ಈ ಮಾತನ್ನು ನಿನಗೆ ಇದುವರೆಗೆ ಹೇಳಿದ್ದೇನೆಯೇ ಎಂದು ಯೋಚಿಸಿದೆ, ಇಲ್ಲ.

ಗೊತ್ತಿರುವಷ್ಟು ಹೇಳುತ್ತೇನೆ. ಔಷಧದ ದಾರಿ ಸುಳ್ಳಲ್ಲ, ಎಷ್ಟೋ ಜನರಿಗೆ ಅದರಿಂದಲೇ ಬೆರಳು ಉಳಿದಿದೆ. ಆದರೆ ಆರು ವಾರವೂ ಆ ಪಾದದ ಮುಂಭಾಗಕ್ಕೆ ಭಾರ ಬೀಳಬಾರದು, ಸಕ್ಕರೆ ಹತೋಟಿಯಲ್ಲಿರಬೇಕು, ಒಂದು ಹೊತ್ತಿನ ಮಾತ್ರೆಯೂ ತಪ್ಪಬಾರದು. ಕೆಡುತ್ತಿದೆ ಎಂದು ಎಚ್ಚರಿಸಲು ನಿನ್ನ ಕಾಲಿಗೆ ನೋವು ಇಲ್ಲ. ಬೆರಳು ತೆಗೆದರೆ ಕೀವಿರುವ ಮೂಳೆ ಹೋಗುತ್ತದೆ, ವಾಸಿ ಬೇಗ. ಆದರೆ ಭಾರ ಬೀಳುವ ಜಾಗಗಳು ಬದಲಾಗಿ ಮುಂದೆ ಬೇರೆ ಕಡೆ ಗಾಯವಾಗಬಹುದು, ಅದಕ್ಕೆ ತಕ್ಕ ಶೂ ಬೇಕು. ಎರಡರಲ್ಲೂ ದಿನವೂ ಅಂಗಾಲು ನೋಡಬೇಕು. ಕಾಯುವ ದಾರಿಗೆ ಎಷ್ಟು ದಿನದ ಗಡುವು, ಏನಾದರೆ ತಕ್ಷಣ ನಿರ್ಧಾರ ಬದಲಿಸುತ್ತೀರಿ ಎಂದು ಸರ್ಜನ್ನನ್ನು ಕೇಳು. ಎದ್ದು ಹೋಗಲು ಬಿಡಬೇಡ. ಗಿರಾಕಿಯನ್ನು ಕೂರಿಸುವುದು ನಿನಗೆ ನಾನು ಹೇಳಿಕೊಡಬೇಕಿಲ್ಲ.

ನಾನಾಗಿದ್ದರೆ ಬೆರಳು ಕೊಡುತ್ತಿದ್ದೆ. ಆದರೆ ನಾನು ಕುರ್ಚಿಯಲ್ಲಿ ಕೂತು ಬರೆಯುವವಳು, ನಿಲ್ಲುವ ಕೆಲಸ ನಿನ್ನದು.

ಇಲ್ಲಿ ಎರಡು ಸಾವಿರ ಪ್ರತಿ ಅಚ್ಚಾಗಿವೆ. ವಾಪಸು ಪಡೆಯೋಣ ಎಂದೆ. 'ಒಂದು ಸಾಲಿಗೋಸ್ಕರಾನಾ?' ಎಂದರು ಸಮಿತಿಯ ಹಿರಿಯರು. ಆ ಸಾಲಿನ ರಬ್ಬರ್ ಮುದ್ರೆ ಮಾಡಿಸಿ, ಊಟದ ಬಿಡುವಿನಲ್ಲಿ ಕೂತು ಒಂದೊಂದಕ್ಕೇ ಒತ್ತುತ್ತಿದ್ದೇನೆ. ಸರಿಯಾಗಿ ಆ ನಗುವ ಪಾದದ ಮುಖದ ಮೇಲೆ.

ತಂಗಿ


ಜೂನ್ ೨

ತಂಗೀ,

ಸಕ್ಕರೆ ಇಳಿಯುವವರೆಗೆ ಕಾಯಿಸಿ, ಮಂಗಳವಾರ ಬೆರಳು ತೆಗೆದರು. ಸರ್ಜನ್ನನ್ನು ಕೂರಿಸಿ ಕೇಳಿದೆ. ಕಾಲು ಗಂಟೆ ಕೂತರು, ಪಾಪ, ಅಷ್ಟು ಹೊತ್ತು ಯಾರ ಮುಂದೆಯೂ ಕೂತ ಅಭ್ಯಾಸ ಇದ್ದ ಹಾಗಿರಲಿಲ್ಲ. ಕೇಳಿದ ಮೇಲೆ ಆರಿಸಿದ್ದು ನಾನೇ. ಆರು ವಾರ ಅಂಗಡಿಯಲ್ಲಿ ನಿಲ್ಲದೆ ಇರುತ್ತೇನೆ ಅಂತ ನನಗೇ ನಂಬಿಕೆ ಬರಲಿಲ್ಲ. ಉಳಿದ ಮೂಳೆ ಶುದ್ಧವಾಗಿದೆಯಂತೆ, ಪಾದ ಉಳಿಯಿತು.

ಒಂದು ಬೂಟು ಕೊಟ್ಟಿದ್ದಾರೆ, ಮುಂಭಾಗ ನೆಲಕ್ಕೆ ತಾಗದ ಹಾಗೆ ಹಿಮ್ಮಡಿಯ ಕಡೆ ದಪ್ಪ. ಅದರ ಪಟ್ಟಿ ಹೊಲಿದವನ ಕೈಗೆ ಹೊಡೆಯಬೇಕು, ಎರಡು ದಿನಕ್ಕೆ ದಾರ ಬಿಟ್ಟಿತು. ಇಲ್ಲಿಯ ಹಾಸಿಗೆಯಲ್ಲೇ ಕೂತು ನಾನೇ ಹೊಲಿದುಕೊಂಡೆ. ಇನ್ಸುಲಿನ್ ಚುಚ್ಚಿಕೊಳ್ಳುವುದು ಕಲಿಸಿದರು. ಎರಡೂ ಅಂಗಾಲು ದಿನಾ ಬೇರೆ ಯಾರಾದರೂ ನೋಡಬೇಕಂತೆ. ನಿನ್ನ ಭಾವ ಕನ್ನಡಕ ಎರಡು ಹಾಕಿಕೊಂಡು ನೋಡುತ್ತಾರೆ, ಪತ್ರಿಕೆ ಓದಿದ ಹಾಗೆ. ಭಾನುವಾರ ನೀನು ಬಂದು ನೋಡು. ನಿನಗೂ ಒಂದು ಪಾದವನ್ನು ಕೈಯಲ್ಲಿ ಹಿಡಿಯುವುದು ಹೇಗೆ ಅಂತ ಗೊತ್ತಾಗಲಿ.

ಒಂದು ಸಂಗತಿ ನಿನ್ನ ಭಾವನಿಗೆ ಹೇಳಿಲ್ಲ. ನನ್ನ ಪಕ್ಕದ ಹಾಸಿಗೆಯಲ್ಲಿ ಗಾಜು ತುಳಿದ ಹೆಂಗಸೊಬ್ಬಳಿದ್ದಾಳೆ. ನಿನ್ನೆ ಅವಳ ಡ್ರೆಸ್ಸಿಂಗ್ ಬಿಚ್ಚಿದಾಗ ಇಡೀ ವಾರ್ಡು ಎದ್ದು ಕೂತಿತು. ಅವ್ವಾ ಅಂದಳು, ನರ್ಸಿನ ಕೈ ತಳ್ಳಿದಳು, ಅವರ ವಂಶವನ್ನೆಲ್ಲ ಬೈದಳು. ಇಷ್ಟು ಗಾಯಕ್ಕೆ ಇಷ್ಟು ರಂಪವೇ ಅಂತ ನಾನು ಮುಖ ತಿರುಗಿಸಿದೆ. ಆಮೇಲೆ ನನ್ನ ಸರದಿ ಬಂತು. ಬೆರಳಿದ್ದ ಜಾಗದಲ್ಲಿ ನರ್ಸು ಇಕ್ಕಳದಿಂದ ಹತ್ತಿ ಒತ್ತಿ ಒರೆಸಿದರು, ಅಂಚನ್ನು ಕತ್ತರಿಯಿಂದ ಕತ್ತರಿಸಿದರು. ರಕ್ತ ಬಂತು. ನಾನು ಕಣ್ಣು ತೆಗೆಯದೆ ನೋಡುತ್ತಾ, ಈಗ ನೋಯುತ್ತೆ, ಈಗ ನೋಯುತ್ತೆ ಅಂತ ಕಾದೆ. ಅವರು ಪಟ್ಟಿ ಸುತ್ತಿ ಮುಗಿಸಿ ಆ ಹೆಂಗಸಿನ ಕಡೆ ತಿರುಗಿ, 'ನೋಡಮ್ಮ ಇವರನ್ನ, ತುಟಿ ಪಿಟಕ್ ಅನ್ನಲಿಲ್ಲ, ಸ್ವಲ್ಪ ಕಲಿ' ಅಂದರು.

ಅವಳು ಮೂಗು ಒರೆಸಿಕೊಂಡು ನನ್ನನ್ನು ದೊಡ್ಡ ಮನುಷ್ಯಳನ್ನು ನೋಡುವ ಹಾಗೆ ನೋಡಿದಳು. ಅವಳ ಕಿರುಚಾಟದ ಮೇಲೆ ನನಗೆ ಎಂಥ ಹೊಟ್ಟೆಕಿಚ್ಚಾಯಿತು ಅಂತ ನಿನಗೊಬ್ಬಳಿಗೆ ಬರೆಯುತ್ತಿದ್ದೇನೆ.

ಅಕ್ಕ